ಮಗಳ ಅರ್ಜಿ, ತಂದೆಯ ಪಗಾರ ಚೀಟಿ

ಜೂನ್ ತಿಂಗಳು ಹುಟ್ಟಿತೆಂದರೆ ನಮ್ಮ ಸಂಘದ ಕಛೇರಿಯಲ್ಲಿ ಒಂದೇ ಮಾತು ಕೇಳಿಬರುತ್ತದೆ. ಮಗ ಹನ್ನೆರಡನೆಯ ತರಗತಿ ಪಾಸಾದ, ಮಗಳಿಗೆ ಬಿ.ಎಸ್‌ಸಿ.ಗೆ ಸೀಟು ಸಿಕ್ಕಿತು, ಫೀ ಕಟ್ಟಲು ಎಂಟೇ ದಿನದ ವಾಯಿದೆ ಇದೆ, ಯಾರಾದರೂ ದಾನಿಗಳಿದ್ದರೆ ಹೇಳಿ ಎಂಬ ಮಾತು. ಹೀಗೆ ಕೇಳಲು ಬರುವವರು ಇಪ್ಪತ್ತು ಮೂವತ್ತು ವರ್ಷ ಒಲೆಯ ಮುಂದೆ ಬೆಂದವರು, ಟೇಬಲಿನಿಂದ ಟೇಬಲಿಗೆ ತಟ್ಟೆ ಹೊತ್ತವರು, ಇಲ್ಲವೆ 1982ರ ಮುಷ್ಕರದ ತರುವಾಯ ಗಿರಣಿಯ ಕೆಲಸ ಹೋಗಿ ಸಿಕ್ಕಿದ ಕೆಲಸ ಹಿಡಿದವರ ಮಕ್ಕಳು. ಇನ್ನೊಬ್ಬರ ಮುಂದೆ ಕೈಯೊಡ್ಡಿ ಅಭ್ಯಾಸವಿಲ್ಲದವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ಐದು ನಿಮಿಷ ನಿಂತು ಬರುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಅವರ ಪ್ರಶ್ನೆ ತಪ್ಪು ಬಾಗಿಲನ್ನು ತಟ್ಟುತ್ತಿದೆ ಎಂದು ಹೇಳದೆ ನಿರ್ವಾಹವಿಲ್ಲ.

ದಾನಿ ಯಾರು ಎಂದು ವಿಚಾರಿಸುವ ಮೊದಲು, ಸರಕಾರದ ಬೊಕ್ಕಸದಲ್ಲಿಯೂ ಕಾರ್ಮಿಕ ಕಲ್ಯಾಣ ನಿಧಿಯಲ್ಲಿಯೂ ಈ ಮಗುವಿನ ಪಾಲಿಗೆಂದು ಇಟ್ಟ ಹಣ ಏನಿದೆ, ಅದು ನಮ್ಮ ಖೋಲಿಯ ತನಕ ಏಕೆ ಬಂದು ಮುಟ್ಟುವುದಿಲ್ಲ ಎಂದು ವಿಚಾರಿಸಬೇಕು. ಮಕ್ಕಳ ಅರ್ಜಿ ತುಂಬಿಸಲು ಕುಳಿತವರಿಗೆಲ್ಲ ಇದರ ಉತ್ತರ ಗೊತ್ತಿದೆ. ಹುಡುಗಿಯ ಅಂಕಪಟ್ಟಿ ಕನ್ನಡಿಯ ಹಾಗೆ ಇರುತ್ತದೆ. ತಂದೆಯ ಕಾಗದ ಇರುವುದಿಲ್ಲ. ಅಪ್ಪ ಎಲ್ಲಿ ದುಡಿಯುತ್ತಾನೆ, ಎಷ್ಟು ದುಡಿಯುತ್ತಾನೆ, ಎಷ್ಟು ವರ್ಷದಿಂದ ಇಲ್ಲಿದ್ದಾನೆ ಎಂಬ ಮೂರು ಪ್ರಶ್ನೆಗಳಿಗೆ ಸರಕಾರ ನಂಬುವಂಥ ಒಂದು ತುಂಡು ಕಾಗದ ಇಲ್ಲದೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ವಿದ್ಯಾರ್ಥಿವೇತನದ ಅರ್ಜಿಯನ್ನು ವಿದ್ಯಾರ್ಥಿ ಬರೆಯುತ್ತಾನೆ ಎಂದು ನಾವು ತಿಳಿದಿದ್ದೇವೆ. ಅದರ ಅರ್ಧ ಭಾಗ ಹೊಟೇಲಿನ ಗಲ್ಲಾದಲ್ಲಿ ಬರೆದು ಆಗಿರುತ್ತದೆ, ಅಥವಾ ಬರೆಯದೆ ಬಿಟ್ಟಿರುತ್ತದೆ.

ದಾನವನ್ನು ಹಳಿಯಲು ಈ ಮಾತಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮಠಗಳ ಉಚಿತ ಪ್ರಸಾದನಿಲಯದಲ್ಲಿ ಉಂಡು ಕಲಿತವರ ಸಂಖ್ಯೆಗಂತೂ ಲೆಕ್ಕವಿಲ್ಲ. ಈ ಮುಂಬಯಿಯಲ್ಲಿಯೇ ಹಗಲು ಹೊಟೇಲಿನಲ್ಲಿ ತಟ್ಟೆ ಎತ್ತಿ ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಕಲಿತು ವಕೀಲರೂ ಅಧ್ಯಾಪಕರೂ ಆದವರಿದ್ದಾರೆ. ಈಗಲೂ ನಮ್ಮ ಜಾತಿ ಸಂಘಗಳು, ಊರ ಸಂಘಗಳು ವರ್ಷಕ್ಕೊಮ್ಮೆ ಮಕ್ಕಳಿಗೆ ಚೆಕ್ಕು ಹಂಚುತ್ತವೆ. ಒಳ್ಳೆಯದೇ. ಆದರೆ ಮೂರು ಸಾವಿರ ರೂಪಾಯಿಯ ಚೆಕ್ಕಿಗೆ ಹತ್ತೊಂಬತ್ತು ವರ್ಷದ ಹುಡುಗನನ್ನು ವೇದಿಕೆಯ ಬದಿಯಲ್ಲಿ ಎರಡು ತಾಸು ಸಾಲಿನಲ್ಲಿ ನಿಲ್ಲಿಸಿ, ದಾನಿಯ ಪಕ್ಕದಲ್ಲಿ ಫೋಟೊ ತೆಗೆಸಿ, ಅದನ್ನು ಎಲ್ಲರ ಮೊಬೈಲಿಗೆ ಕಳಿಸುವ ಪದ್ಧತಿ ಸಾಕು. ವೇದಿಕೆಯ ಹೂವಿಗೂ ಶಾಲಿಗೂ ಆಗುವ ಖರ್ಚಿನಲ್ಲಿ ಇನ್ನಿಬ್ಬರ ಪರೀಕ್ಷೆಯ ಫೀ ಆಗುತ್ತಿತ್ತು. ಹಣವನ್ನು ಸುಮ್ಮನೆ ಅವನ ಖಾತೆಗೆ ಜಮಾ ಮಾಡಿದರೆ ದಾನಿಯ ಪುಣ್ಯ ಕಡಿಮೆಯಾಗುವುದೆ?

ಸಹಾಯ ಕೇಳುವುದಕ್ಕೆ ನಾಚಿಕೆ ಎನ್ನುವವರಿಗೆ ಒಂದು ಸಂಗತಿ ನೆನಪು ಮಾಡಬೇಕು. ಡಾ. ಅಂಬೇಡ್ಕರರು ಪರೇಲಿನ ಗಿರಣಿ ಪ್ರದೇಶದ ಬಿ.ಐ.ಟಿ. ಚಾಳದಲ್ಲಿ ವಾಸವಾಗಿದ್ದವರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಓದುವಾಗ ಬಡೋದೆಯ ಸಯಾಜಿರಾವ್ ಮಹಾರಾಜರು ಅವರಿಗೆ ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರಲ್ಲಿ ಅಮೇರಿಕದ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋಗುವಾಗ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ಹಾಗೆ ಮೂರು ವರ್ಷದ ವೇತನ ಮಂಜೂರಾಯಿತು. ಸುಮ್ಮನೆ ಅಲ್ಲ; ಓದಿ ಬಂದ ಮೇಲೆ ಹತ್ತು ವರ್ಷ ಬಡೋದೆಯ ಸೇವೆ ಮಾಡತಕ್ಕದ್ದು ಎಂಬ ಕರಾರಿಗೆ ಸಹಿ ಹಾಕಬೇಕಾಯಿತು. ಮುಂದೆ ಅವರು ವೈಸರಾಯರ ಮಂಡಳಿಯಲ್ಲಿ ಸದಸ್ಯರಾಗಿದ್ದ ಕಾಲದಲ್ಲೇ, 1944ರಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಒಬ್ಬ ಮಹಾರಾಜರ ಮರ್ಜಿಯಿಂದ ಒಬ್ಬನಿಗೆ ಸಿಕ್ಕಿದ್ದು ಸರಕಾರದ ನಿಯಮವಾಗಿ ಲಕ್ಷಾಂತರ ಮಕ್ಕಳಿಗೆ ಸಿಗುವ ಹಾಗಾದದ್ದು ಹೀಗೆ. ನಿಯಮವೆಂದ ಮೇಲೆ ಅಲ್ಲಿ ದಾನಿಯೂ ಇಲ್ಲ, ಬೇಡುವವನೂ ಇಲ್ಲ. ಅರ್ಜಿ ಇದೆ, ತಾರೀಖು ಇದೆ, ಕಾಗದಗಳಿವೆ.

ಇನ್ನು ಹಣದ ವಿಷಯಕ್ಕೆ ಬರೋಣ. ನಮ್ಮವರಿಗೆ ಸ್ಕಾಲರ್‌ಶಿಪ್ ಎಂದರೂ ಒಂದೇ, ಫೀ ಮಾಫಿ ಎಂದರೂ ಒಂದೇ, ಬ್ಯಾಂಕಿನ ಸಾಲ ಎಂದರೂ ಒಂದೇ. ಮೂರೂ ಬೇರೆ. ಫೀ ಮಾಫಿ ಎಂದರೆ ಕಟ್ಟಬೇಕಾದ ಹಣದಲ್ಲಿಯೇ ಕಡಿತ. ವೇತನ ಕೈಗೆ, ಅಂದರೆ ಖಾತೆಗೆ, ಬರುವ ಹಣ, ಹಿಂದಕ್ಕೆ ಕೊಡಬೇಕಾಗಿಲ್ಲ. ಸಾಲವನ್ನು ಬಡ್ಡಿ ಸಮೇತ ತೀರಿಸಬೇಕು. ಸಾಲ ಮಂಜೂರಾದ ಪತ್ರ ಹಿಡಿದು ‘ಮಗನಿಗೆ ಸ್ಕಾಲರ್‌ಶಿಪ್ ಬಂತು’ ಎಂದು ಪೇಡೆ ಹಂಚಿದ ಮನೆಯನ್ನು ನಾನು ಬಲ್ಲೆ.

ಇವೆಲ್ಲಕ್ಕಿಂತ ಮೊದಲಿನ ಸಹಾಯವೊಂದಿದೆ, ಅದಕ್ಕೆ ಅರ್ಜಿಯೇ ಬೇಡ. ಕಾಲೇಜು ಸೇರುವಾಗ ಯಾವ ವರ್ಗಕ್ಕೆ ಸೇರುತ್ತಿದ್ದೇವೆ ಎಂದು ನೋಡುವುದು. ಮುಂಬಯಿಯ ಅನೇಕ ಕಾಲೇಜುಗಳಲ್ಲಿ ಒಂದೇ ಕಟ್ಟಡದಲ್ಲಿ ಎರಡು ಅಂಗಡಿ. ಸರಕಾರದ ಅನುದಾನವಿರುವ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಒಂದು ಕಡೆ, ಕಾಲೇಜು ಸ್ವಂತ ಬಲದಲ್ಲಿ ನಡೆಸುವ ಮ್ಯಾನೇಜ್‌ಮೆಂಟ್, ಅಕೌಂಟಿಂಗ್, ಐ.ಟಿ. ಎಂಬ ಹೆಸರಿನ ಪದವಿಗಳು ಇನ್ನೊಂದು ಕಡೆ. ಎರಡರ ಫೀಯಲ್ಲಿ ಬಹಳ ಅಂತರ. ಎರಡನೆಯದನ್ನು ಓದಬಾರದೆಂದು ನಾನು ಹೇಳುವುದಿಲ್ಲ. ಹೆಸರು ಚೆಂದವಿದೆ, ಗೆಳತಿಯರು ಸೇರಿದ್ದಾರೆ ಎಂದು ಸೇರಿ, ಆ ಮೇಲೆ ಫೀಗೆ ಅಳುವುದು ಬೇಡ. ಫಾರ್ಮು ತುಂಬುವ ಮೊದಲು ‘ಇದು ಅನುದಾನಿತ ವರ್ಗವೋ ಅಲ್ಲವೋ’ ಎಂದು ಆಫೀಸಿನ ಕಿಟಕಿಯಲ್ಲಿ ಒಂದು ಮಾತು ಕೇಳಿದರೆ ಮೂರು ವರ್ಷದ ಭಾರ ಎಷ್ಟೆಂದು ಅಲ್ಲಿಯೇ ತಿಳಿಯುತ್ತದೆ.

ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವಿದೆ. ಜಾತಿಯ ಪ್ರಶ್ನೆಯಿಲ್ಲದೆ ಎಲ್ಲರೂ ಅರ್ಜಿ ಹಾಕಬಹುದು. ತಮ್ಮ ಬೋರ್ಡಿನಲ್ಲಿ ಮೇಲಿನ ನೂರರಲ್ಲಿ ಇಪ್ಪತ್ತರೊಳಗೆ ಬಂದಿರಬೇಕು, ಕುಟುಂಬದ ವರ್ಷದ ವರಮಾನ ನಾಲ್ಕೂವರೆ ಲಕ್ಷ ರೂಪಾಯಿ ಮೀರಿರಕೂಡದು. ದೇಶಕ್ಕೆಲ್ಲ ವರ್ಷಕ್ಕೆ ಹೆಚ್ಚೆಂದರೆ 82,000 ಹೊಸ ವೇತನಗಳು, ಅದರಲ್ಲಿ ಅರ್ಧ ಹುಡುಗಿಯರಿಗೆ. ಪದವಿ ತರಗತಿಗೆ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ 20,000. ತಿಂಗಳಿಗೆ ಸಾವಿರ ರೂಪಾಯಿ ಈ ಶಹರದಲ್ಲಿ ಏನಾಯಿತು ಎಂದು ಕೆಲವರು ನಗುತ್ತಾರೆ. ರೈಲಿನ ಪಾಸು, ಪುಸ್ತಕ, ಪರೀಕ್ಷೆಯ ಫೀ ಇವುಗಳ ಲೆಕ್ಕ ಬರೆದು ನೋಡಿದವರು ನಗುವುದಿಲ್ಲ. ಒಮ್ಮೆ ಸಿಕ್ಕಿದರೆ ಮುಗಿಯಲಿಲ್ಲ. ಪ್ರತಿ ವರ್ಷ ನವೀಕರಿಸಬೇಕು. ಅದಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕು. ಹೊಟೇಲಿನಲ್ಲಿ ಅಪ್ಪನಿಗೆ ಸಹಾಯಕ್ಕೆಂದು ಕ್ಲಾಸು ತಪ್ಪಿಸುವ ಹುಡುಗ ಇದನ್ನು ಗಮನಿಸಬೇಕು. ಅಂಚೆಯ ಮೂಲಕ ಓದುವವರಿಗೆ ಈ ವೇತನ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ಅನ್ಯಾಯ. ದುಡಿಯುತ್ತ ಓದುವವನಿಗೆ ಇರುವುದು ಅದೊಂದೇ ದಾರಿ, ಅವನನ್ನೇ ಹೊರಗಿಟ್ಟರೆ ಹೇಗೆ?

ಮಹಾರಾಷ್ಟ್ರ ಸರಕಾರದ ಯೋಜನೆಗಳಿಗೆ ಮಹಾಡಿಬಿಟಿ ಎಂಬ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಹಿಂದುಳಿದ ಪಟ್ಟಿಯಲ್ಲಿ ಇಲ್ಲದ ಬಡ ಕುಟುಂಬದ ಮಕ್ಕಳಿಗೂ, ವರಮಾನ ಎಂಟು ಲಕ್ಷದೊಳಗಿದ್ದರೆ, ರಾಜರ್ಷಿ ಶಾಹೂ ಮಹಾರಾಜರ ಹೆಸರಿನ ಯೋಜನೆಯಲ್ಲಿ ಶಿಕ್ಷಣ ಶುಲ್ಕದ ಅರ್ಧ ಸಿಗುತ್ತದೆ. 2024ರ ಜುಲೈಯಲ್ಲಿ ಹೊರಟ ಆಜ್ಞೆಯ ಪ್ರಕಾರ, ಅದೇ ವರಮಾನದ ಮಿತಿಯಲ್ಲಿ, ಆರ್ಥಿಕವಾಗಿ ಹಿಂದುಳಿದ ಮತ್ತು ಇತರ ಹಿಂದುಳಿದ ವರ್ಗಗಳ ಹುಡುಗಿಯರಿಗೆ ಇಂಜಿನಿಯರಿಂಗ್, ಫಾರ್ಮಸಿಯಂಥ ವೃತ್ತಿ ಶಿಕ್ಷಣದಲ್ಲಿ ಶಿಕ್ಷಣ ಶುಲ್ಕವೂ ಪರೀಕ್ಷಾ ಶುಲ್ಕವೂ ಪೂರ್ತಿ ಮಾಫಿ. ಆದರೆ ಸೀಟು ಸರಕಾರದ ಕೇಂದ್ರೀಯ ಪ್ರವೇಶ ಪದ್ಧತಿಯಿಂದ ಬಂದಿರಬೇಕು. ಮ್ಯಾನೇಜ್‌ಮೆಂಟ್ ಕೋಟಾದ ಸೀಟು ಹಿಡಿದರೆ ಹೋಯಿತು. ‘ಏಜಂಟನು ಬೇಗ ಸೀಟು ಕೊಡಿಸುತ್ತೇನೆಂದ’ ಎಂದು ಮುಂಗಡ ಕೊಟ್ಟು ಈ ಮಾಫಿಯನ್ನು ಕಳೆದುಕೊಳ್ಳಬೇಡಿ. ಹೆಣ್ಣು ಮಗುವಿಗೆ ಹನ್ನೆರಡನೆಯದು ಸಾಕು, ಮುಂದೆ ಮದುವೆ ಎನ್ನುವ ಮನೆಗಳಲ್ಲಿ ಈ ಪ್ಯಾರಾವನ್ನು ತಾಯಂದಿರಿಗೆ ಓದಿ ಹೇಳಬೇಕು.

ವರಮಾನದ ಮಿತಿಗಳ ವಿಷಯದಲ್ಲಿ ಒಂದು ಜಗಳ ಬಾಕಿ ಇದೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವೇತನಕ್ಕೆ ಕೇಂದ್ರದ ಮಿತಿ ಎರಡೂವರೆ ಲಕ್ಷ. ಅಂದರೆ ತಿಂಗಳಿಗೆ 20,833 ರೂಪಾಯಿ. ಅಪ್ಪ ಅಡಿಗೆಯ ಕೆಲಸದಲ್ಲಿ, ಅಮ್ಮ ನಾಲ್ಕು ಮನೆಯ ಕೆಲಸದಲ್ಲಿ ಇದ್ದರೆ ಈ ಶಹರದಲ್ಲಿ ಇಬ್ಬರದೂ ಸೇರಿ ಆ ಗೆರೆ ದಾಟುತ್ತದೆ. ಗೆರೆ ದಾಟಿದವರು ಶ್ರೀಮಂತರಾದರೆ? ಖೋಲಿಯ ಬಾಡಿಗೆಯನ್ನು ಲೆಕ್ಕಕ್ಕೇ ಹಿಡಿಯದೆ ಹಳ್ಳಿಗೂ ಮುಂಬಯಿಗೂ ಒಂದೇ ಗೆರೆ ಎಳೆದಿದ್ದಾರೆ. ಈ ಮಿತಿಯನ್ನು ಏರಿಸಬೇಕೆಂದು ಎಲ್ಲ ಕಾರ್ಮಿಕ ಸಂಘಗಳೂ ಕೂಗಬೇಕು. ಕೂಗು ಬೇರೆ, ಸುಳ್ಳು ಬೇರೆ. ಹಣ ಕೊಟ್ಟರೆ ಬೇಕಾದ ಅಂಕಿ ಹಾಕಿಸಿ ವರಮಾನದ ದಾಖಲೆ ತರುತ್ತೇನೆ ಎನ್ನುವವರು ಕಛೇರಿಗಳ ಹೊರಗೆ ನಿಂತಿರುತ್ತಾರೆ. ಸಿಕ್ಕಿಬಿದ್ದರೆ ವೇತನ ರದ್ದಾಗುತ್ತದೆ, ಕೊಟ್ಟ ಹಣವನ್ನು ಹಿಂದಕ್ಕೆ ವಸೂಲು ಮಾಡುತ್ತಾರೆ. ಏಜಂಟನ ಹೆಸರು ಎಲ್ಲಿಯೂ ಇರುವುದಿಲ್ಲ, ಮಗಳ ಹೆಸರು ಇರುತ್ತದೆ.

ನಾವು ಎರಡು ರಾಜ್ಯಗಳ ನಡುವೆ ಬದುಕುವವರು. ಊರಿಗೆ ಹೋದರೆ ಮುಂಬಯಿಯವರು, ಇಲ್ಲಿ ಊರಿನವರು. ಹರಟೆಯಲ್ಲಿ ಇದು ತಮಾಷೆ. ಅರ್ಜಿಯಲ್ಲಿ ಇದು ಕಂಟಕ. ಆಂಧ್ರದ ಪರಿಶಿಷ್ಟ ಪಂಗಡದ ಒಬ್ಬರು ಕೆಲಸಕ್ಕೆಂದು ಮುಂಬಯಿಗೆ ಬಂದರು. ಅವರ ಮಗ ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಂಗಡದ ಸೀಟು ಕೇಳಿದ. ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಗಿ 1990ರಲ್ಲಿ ತೀರ್ಪು ಬಂತು: ಒಂದು ರಾಜ್ಯದ ಪಟ್ಟಿಯಲ್ಲಿನ ಸ್ಥಾನ ಮನುಷ್ಯನ ಜೊತೆ ಇನ್ನೊಂದು ರಾಜ್ಯಕ್ಕೆ ಪ್ರಯಾಣ ಮಾಡುವುದಿಲ್ಲ. ನಮ್ಮ ಎಷ್ಟೋ ಮಕ್ಕಳ ಕೈಯಲ್ಲಿ ಕರ್ನಾಟಕದ ಜಾತಿ ದಾಖಲೆ ಇದೆ, ಅದು ಮಹಾರಾಷ್ಟ್ರದ ಸವಲತ್ತಿಗೆ ನಡೆಯದೆ ಇರುವುದು ಇದೇ ಕಾರಣಕ್ಕೆ. ಅಂದ ಮಾತ್ರಕ್ಕೆ ಬರಿಗೈಯಲ್ಲ. ಕೇಂದ್ರದ ನಿಯಮದ ಪ್ರಕಾರ ಮೆಟ್ರಿಕ್ ನಂತರದ ವೇತನವನ್ನು ಕೊಡಬೇಕಾದದ್ದು ವಿದ್ಯಾರ್ಥಿ ಸೇರಿದ ರಾಜ್ಯ, ಅವನು ಓದುವ ರಾಜ್ಯವಲ್ಲ. ಮನೆತನದ ವಾಸ ಇನ್ನೂ ಊರಿನದೇ ಆಗಿದ್ದರೆ ಅರ್ಜಿ ಹೋಗಬೇಕಾದದ್ದು ಕರ್ನಾಟಕಕ್ಕೆ, ಅಲ್ಲಿನ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲಿಗೆ.

ಇನ್ನು ಅಜ್ಜನ ಕಾಲದಿಂದ ಇಲ್ಲಿಯೇ ನೆಲೆಸಿದವರ ಮಾತು ಬೇರೆ. ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿಯೂ ಇದ್ದು, ಕುಟುಂಬ ಹಳೆಯ ಕಾಲದಿಂದ ಇಲ್ಲಿ ವಾಸವಾಗಿದ್ದುದಕ್ಕೆ ಪುರಾವೆ ಇದ್ದರೆ ಇಲ್ಲಿನ ದಾಖಲೆಯೇ ಸಿಗುತ್ತದೆ. ಪರಿಶಿಷ್ಟ ಜಾತಿಗಳಿಗೆ 1950ರ ಆಗಸ್ಟ್ 10ಕ್ಕೆ ಮೊದಲಿನದು, ಪರಿಶಿಷ್ಟ ಪಂಗಡಗಳಿಗೆ 1950ರ ಸೆಪ್ಟೆಂಬರ್ 6ಕ್ಕೆ ಮೊದಲಿನದು, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13ಕ್ಕೆ ಮೊದಲಿನ ಪುರಾವೆ ಕೇಳುತ್ತಾರೆ. ಗಿರಣಿ ಕಾರ್ಮಿಕರ ಮನೆಗಳಲ್ಲಿ ಇಂಥ ಕಾಗದಗಳು ಇದ್ದವು. ಅಜ್ಜ ಶಾಲೆ ಬಿಟ್ಟ ದಾಖಲೆ, ಗಿರಣಿಯ ನೌಕರಿಯ ಕಾಗದ, ಚಾಳದ ಬಾಡಿಗೆ ರಸೀದಿ. ಚಾಳ ಕೆಡವಿ ಗೋಪುರದ ಹಾಗೆ ಕಟ್ಟಡ ಎಬ್ಬಿಸಿದ ದಿನಗಳಲ್ಲಿ ಹಳೆಯ ತಗಡಿನ ಪೆಟ್ಟಿಗೆಗಳು ರದ್ದಿಯವನ ಪಾಲಾದವು. ಇನ್ನೂ ಪೆಟ್ಟಿಗೆ ಉಳಿದಿರುವ ಮನೆಯವರು ದಯವಿಟ್ಟು ಅದನ್ನು ತೆರೆದು ನೋಡಿ. ಹರಿದುಹೋಗುವ ಮೊದಲು ಅದರ ಪ್ರತಿ ಮಾಡಿಸಿಡಿ.

ಈಗ ಮೂಲ ಮಾತಿಗೆ ಬರುತ್ತೇನೆ. ಎಲ್ಲ ಯೋಜನೆಗೂ ವರಮಾನದ ದಾಖಲೆ ಬೇಕು, ಅದನ್ನು ತಹಶೀಲ್ದಾರರ ಕಛೇರಿ ಕೊಡುತ್ತದೆ. ಪಗಾರದ ಪುರಾವೆ ಇದ್ದವನ ಕೆಲಸ ಬೇಗ ಆಗುತ್ತದೆ. ಇಲ್ಲದವನು ತಲಾಠಿಯ ವರದಿಗೆ ಅಲೆಯಬೇಕು, ಸಾಕ್ಷಿಗಳನ್ನು ಹುಡುಕಬೇಕು; ಒಂದೊಂದು ಅಲೆದಾಟಕ್ಕೂ ಒಂದೊಂದು ಖಾಡೆ, ಖಾಡೆಗೆ ಪಗಾರ ಕಡಿತ. ಹೊಟೇಲಿನ ಮಾಳಿಗೆಯಲ್ಲಿಯೇ ಮಲಗುವವನಿಗೆ ವಿಳಾಸದ ಪುರಾವೆಯೂ ಇಲ್ಲ. ಪಗಾರ ಕೈಯಲ್ಲಿ, ನಗದಾಗಿ. ಹಾಜರಿ ಪುಸ್ತಕದಲ್ಲಿ ಹತ್ತು ಹೆಸರು, ಅಡಿಗೆಮನೆಯಲ್ಲಿ ಇಪ್ಪತ್ತು ಜನ. ನಾನು ಯಾವ ಹೊಟೇಲಿನ ಹೆಸರನ್ನೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ; ಓದುವವರಿಗೆ ತಮ್ಮ ತಮ್ಮ ಗಲ್ಲಾ ಕಣ್ಣ ಮುಂದೆ ಬರುತ್ತಿರಬೇಕು.

ಈ ಕೊರತೆಯಿಂದ ಕೈತಪ್ಪುವ ಹಣಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1953ರ ಕಾನೂನಿನಂತೆ ಈ ರಾಜ್ಯದಲ್ಲಿ ಕಾರ್ಮಿಕ ಕಲ್ಯಾಣ ನಿಧಿ ಇದೆ. ಐದು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಹೊಟೇಲುಗಳೂ ಅದರೊಳಗೆ ಬರುತ್ತವೆ. 2024ರಲ್ಲಿ ಏರಿಸಿದ ದರದಂತೆ ಜೂನ್‌ನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಕಾರ್ಮಿಕನ ಪಗಾರದಿಂದ 25 ರೂಪಾಯಿ, ಮಾಲಿಕನ ಕೈಯಿಂದ 75 ರೂಪಾಯಿ ಕಟ್ಟಬೇಕು. ಹೀಗೆ ಹಣ ಕಟ್ಟಿದ ಕಾರ್ಮಿಕರ ಮಕ್ಕಳಿಗೆ ಕಾಮಗಾರ ಕಲ್ಯಾಣ ಮಂಡಳ ವಿದ್ಯಾರ್ಥಿವೇತನವನ್ನೂ ಪುಸ್ತಕಕ್ಕೆ ಸಹಾಯವನ್ನೂ ಕೊಡುತ್ತದೆ. ಗಿರಣಿಗಳು ನಡೆಯುತ್ತಿದ್ದಾಗ ಗಿರಣಿಯವರಿಗೆ ಇದು ಗೊತ್ತಿದ್ದ ಮಾತು, ಕಲ್ಯಾಣ ಕೇಂದ್ರಗಳು ಅವರ ಚಾಳದ ಬಳಿಯೇ ಇದ್ದವು. ಹೊಟೇಲಿನವರಿಗೆ ಹೆಸರೇ ಗೊತ್ತಿಲ್ಲ. ಲೆಕ್ಕ ಹಾಕಿ ನೋಡಿ: ಇಪ್ಪತ್ತು ಜನರ ಹೊಟೇಲಿಗೆ ಮಾಲಿಕನ ಪಾಲು ವರ್ಷಕ್ಕೆ 3,000 ರೂಪಾಯಿ. ಒಂದು ಭಾನುವಾರ ಬೆಳಗಿನ ಇಡ್ಲಿ ವಡೆಯ ವ್ಯಾಪಾರದಲ್ಲಿ ಹುಟ್ಟುವ ಹಣ. ಅದನ್ನು ಕಟ್ಟದೆ, ಹೆಸರುಗಳನ್ನು ಪುಸ್ತಕಕ್ಕೆ ಏರಿಸದೆ, ಇಪ್ಪತ್ತು ಮನೆಯ ಮಕ್ಕಳನ್ನು ಈ ವೇತನದಿಂದ ಹೊರಗಿಟ್ಟ ಮಾಲಿಕರೇ ಆಗಸ್ಟ್ ತಿಂಗಳಲ್ಲಿ ನಮ್ಮ ಸನ್ಮಾನ ಸಭೆಗೆ ಬಂದು ಮೂರು ಸಾವಿರದ ಚೆಕ್ಕು ಕೊಟ್ಟು ಕೈಮುಗಿಸಿಕೊಳ್ಳುತ್ತಾರೆ. ಎಲ್ಲರೂ ಹಾಗಿಲ್ಲ. ಲೆಕ್ಕ ಸರಿಯಾಗಿಟ್ಟು, ನಿಧಿ ಕಟ್ಟಿ, ಹುಡುಗರ ಅರ್ಜಿಗೆ ತಾವೇ ಸಹಿ ಹಾಕಿ ಕಳಿಸುವ ಹೊಟೇಲಿನವರೂ ನಮ್ಮಲ್ಲಿದ್ದಾರೆ. ಅವರನ್ನು ಕರೆದು ಶಾಲು ಹೊದಿಸೋಣ.

ಪಗಾರ ಚೀಟಿ ಕೊಡಿ ಎಂದು ಕೇಳುವುದು ಮಾಲಿಕನ ಮೇಲೆ ಹಗೆಯಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ, ಪ್ರತಿಯೊಬ್ಬ ಮಾಲಿಕನೂ ಕಾರ್ಮಿಕರಿಗೆ ಪಗಾರ ಚೀಟಿ ಕೊಡತಕ್ಕದ್ದು ಎನ್ನುತ್ತದೆ. ಒಬ್ಬನೇ ಹೋಗಿ ಕೇಳಿದರೆ ‘ನಿನಗೆ ಯಾಕಪ್ಪ ಈಗ?’ ಎಂಬ ಮಾತು ಬರುತ್ತದೆ. ಇಡೀ ಅಡಿಗೆಮನೆ ಕೇಳಿದರೆ ಬರುವುದಿಲ್ಲ. ಮಗಳ ಕಾಲೇಜಿಗೆ ಬೇಕು ಅಣ್ಣಾ ಎಂದು ಹೇಳಿ ನೋಡಿ. ಸಂಬಳ ಹೆಚ್ಚಿಸಿ ಎನ್ನುವಾಗ ಮುಖ ತಿರುಗಿಸುವವರು ಕೂಡ ಈ ಮಾತಿಗೆ ಬೇಡವೆನ್ನಲು ಹಿಂದೆ ಮುಂದೆ ನೋಡುತ್ತಾರೆ. ಪಗಾರವನ್ನು ಬ್ಯಾಂಕಿನ ಖಾತೆಗೆ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಪಾಸ್‌ಬುಕ್ಕಿನ ಪುಟ ಸುಳ್ಳು ಹೇಳುವುದಿಲ್ಲ.

ಉಳಿದ ಸಣ್ಣ ತೊಡಕುಗಳಲ್ಲಿ ಹೆಸರಿನದೇ ದೊಡ್ಡದು. ಶಾಲೆಯ ದಾಖಲೆಯಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಕುಲನಾಮ. ಊರಿನಲ್ಲಿ ಮಾಡಿಸಿದ ಆಧಾರಿನಲ್ಲಿ ಒಂದು ಇನಿಶಿಯಲ್. ಬ್ಯಾಂಕಿನಲ್ಲಿ ಮನೆತನದ ಹೆಸರು. ಮನುಷ್ಯ ಒಬ್ಬನೇ, ಕಂಪ್ಯೂಟರಿಗೆ ಮೂವರು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಆಧಾರನ್ನೂ ಖಾತೆಯನ್ನೂ ತಿದ್ದಿಸಬೇಕು. ಖಾತೆಗೆ ಆಧಾರ್ ಜೋಡಿಸಿರಬೇಕು. ಎರಡು ಮೂರು ಖಾತೆ ಇದ್ದವರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹಣ ಹೋಗುತ್ತದೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಹಣ ಬಂದಿಲ್ಲ ಎಂದು ವರ್ಷವಿಡೀ ಕೊರಗಿ, ಆ ಮೇಲೆ ಮರೆತಿದ್ದ ಹಳೆಯ ಖಾತೆಯಲ್ಲಿ ಕಂಡವರಿದ್ದಾರೆ. ಅರ್ಜಿ ಒತ್ತಿ ಕಳಿಸಿದರೆ ಕೆಲಸ ಮುಗಿಯಲಿಲ್ಲ, ಕಾಲೇಜಿನ ಗುಮಾಸ್ತರು ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಅವರ ಮೇಜಿನ ಮೇಲೆಯೇ ವಾಯಿದೆ ಮುಗಿದ ಅರ್ಜಿಗಳು ಎಷ್ಟೋ. ವಾರಕ್ಕೊಮ್ಮೆ ಹೋಗಿ ಸೌಮ್ಯವಾಗಿ ವಿಚಾರಿಸುವುದು ವಿದ್ಯಾರ್ಥಿಯ ಕೆಲಸ. ಅಲ್ಲಿ ತಂದೆಯನ್ನು ಕಳಿಸಬೇಡಿ.

ಸಾಲವನ್ನು ಕೊನೆಗೆ ಇಟ್ಟಿದ್ದೇನೆ, ಕೊನೆಗೇ ಇಡಬೇಕು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದ ತನಕ ಅಡವು ಬೇಕಿಲ್ಲ. ತಂದೆ ಅಥವಾ ತಾಯಿ ಜೊತೆಯ ಸಾಲಗಾರರಾಗಿ ಸಹಿ ಹಾಕಬೇಕು. ಕಂತು ಆರಂಭವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ಬಡ್ಡಿ ಮಾತ್ರ ಮೊದಲ ದಿನದಿಂದ ಬೆಳೆಯುತ್ತದೆ. ಮೂರು ಲಕ್ಷಕ್ಕೆ ಶೇಕಡಾ 10 ಎಂದು ಹಿಡಿದರೂ ವರ್ಷಕ್ಕೆ 30,000. ವೃತ್ತಿ ಶಿಕ್ಷಣ ಓದುವ, ವರಮಾನ ನಾಲ್ಕೂವರೆ ಲಕ್ಷದೊಳಗಿನ ಮಕ್ಕಳಿಗೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ತೆರುವ ಯೋಜನೆ 2009ರಿಂದ ಇದೆ. 2024ರ ನವೆಂಬರಿನಲ್ಲಿ ಮಂಜೂರಾದ ಪಿ.ಎಂ. ವಿದ್ಯಾಲಕ್ಷ್ಮಿಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಸೀಟು ಸಿಕ್ಕಿದವರಿಗೆ ಅಡವೂ ಜಾಮೀನೂ ಇಲ್ಲದೆ ಸಾಲ, ವರಮಾನ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದ ತನಕದ ಸಾಲಕ್ಕೆ ಶೇಕಡಾ 3ರ ಬಡ್ಡಿ ರಿಯಾಯಿತಿ. ಇವನ್ನು ಬ್ಯಾಂಕಿನವರು ತಾವಾಗಿ ಹೇಳಲಿಕ್ಕಿಲ್ಲ, ನೀವು ಹೆಸರು ಹಿಡಿದು ಕೇಳಬೇಕು.

ಆದರೂ ಬ್ಯಾಂಕಿನ ಸಾಲ ಮಾಲಿಕನ ಮುಂಗಡಕ್ಕಿಂತ ನೂರು ಪಾಲು ಮೇಲು. ಮಗನ ಫೀಗೆಂದು ಗಲ್ಲಾದಿಂದ ಐವತ್ತು ಸಾವಿರ ಮುಂಗಡ ಪಡೆದವನು ಅದು ತೀರುವ ತನಕ ಆ ಅಡಿಗೆಮನೆಯಿಂದ ಕದಲುವ ಹಾಗಿಲ್ಲ. ಪಕ್ಕದ ಹೊಟೇಲಿನಲ್ಲಿ ಎರಡು ಸಾವಿರ ಹೆಚ್ಚು ಕೊಡುತ್ತೇನೆಂದರೂ ಹೋಗುವಂತಿಲ್ಲ, ರಜೆ ಕೇಳುವಂತಿಲ್ಲ, ಪಗಾರ ಚೀಟಿಯಂತೂ ಕೇಳುವಂತೆಯೇ ಇಲ್ಲ.

ಬರುವ ಮಹಾಸಭೆಯಲ್ಲಿ ನಾನು ಒಂದು ಠರಾವು ತರಬೇಕೆಂದಿದ್ದೇನೆ. ಈ ವರ್ಷದ ಸನ್ಮಾನ ಸಮಾರಂಭವನ್ನು ಸರಳಗೊಳಿಸಿ, ಉಳಿದ ಹಣದಿಂದ ಸಂಘದ ಕಛೇರಿಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಕೂಡಲು ಇಬ್ಬರು ಕಾಲೇಜು ಹುಡುಗರು. ಅವರಿಗೆ ಕೆಲಸದ ಹಣ ಕೊಡಬೇಕು, ಪುಕ್ಕಟೆ ಸೇವೆ ಬೇಡ. ಸಮಯ ಮಧ್ಯಾಹ್ನ ಮೂರರಿಂದ ಐದು, ಊಟದ ಗಿರಾಕಿ ಮುಗಿದು ಚಹದ ಗಿರಾಕಿ ಆರಂಭವಾಗುವ ಮೊದಲು ನಮ್ಮವರಿಗೆ ಬಿಡುವಿರುವ ವೇಳೆ. ಕೆಲಸ ಆರಂಭವಾಗಬೇಕಾದದ್ದು ಮಾರ್ಚಿ ತಿಂಗಳಲ್ಲಿ, ಮಕ್ಕಳು ಇನ್ನೂ ಪರೀಕ್ಷೆ ಬರೆಯುತ್ತಿರುವಾಗ, ತಂದೆಯರ ಕಾಗದಗಳಿಂದ. ಇದರ ಜೊತೆಗೆ ನಮ್ಮ ಸದಸ್ಯರು ದುಡಿಯುವ ಪ್ರತಿ ಹೊಟೇಲಿನ ಮಾಲಿಕರಿಗೂ ಪಗಾರ ಚೀಟಿಯ ವಿಷಯವಾಗಿ, ಕಲ್ಯಾಣ ನಿಧಿಯ ವಿಷಯವಾಗಿ ಸಂಘದ ಕಾಗದದಲ್ಲಿ ಒಂದು ಪತ್ರ ಹೋಗಬೇಕು. ಅದರಲ್ಲಿ ಯಾವ ಕಾರ್ಮಿಕನ ಹೆಸರೂ ಇರಕೂಡದು. ಠರಾವಿಗೆ ಅನುಮೋದಕರು ಬೇಕಾಗಿದ್ದಾರೆ. ಇಷ್ಟವಿದ್ದವರು ಸಭೆಗೆ ಮೊದಲು ಕಛೇರಿಯಲ್ಲಿ ಹೆಸರು ಕೊಡಬೇಕು.